ಬಿಡ್ತು ಅನ್ನು

ಮಂಗಳವಾರ, ಮಧ್ಯಾಹ್ನ
ಕಾಲೇಜು ಲೈಬ್ರರಿ, ಕಿಟಕಿ ಪಕ್ಕದ ಮೇಜು

ಫೋನ್ ಎತ್ತದ ನನ್ನ ಅಕ್ಕನಿಗೆ,

ನಾನು, ನಿನ್ನ ಪುಕ್ಕಲಿ, ಬರೆಯುತ್ತಿದ್ದೇನೆ. ಮೆಸೇಜ್ ಹಾಕಿದರೆ ಓದಿ ಸುಮ್ಮನಾಗುತ್ತೀಯ. ಕಾಲ್ ಮಾಡಿದರೆ ಭಾವ ಎತ್ತಿ, ಅವಳು ಮಲಗಿದ್ದಾಳೆ ಕಣಮ್ಮ ಅನ್ನುತ್ತಾರೆ. ಮಧ್ಯಾಹ್ನ ಮಾಡಿದರೂ ಮಲಗಿದ್ದೀಯ, ಸಂಜೆ ಮಾಡಿದರೂ ಮಲಗಿದ್ದೀಯ. ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ನೀನು ಹಿಂದೆ ಪಾತ್ರೆ ತೊಳೆಯುವ ಸದ್ದು ನನಗೆ ಕೇಳಿಸುತ್ತಿರುತ್ತದೆ. ಅದಕ್ಕೇ ಈ ಕಾಗದ. ಇದನ್ನು ನಿನ್ನ ಪರವಾಗಿ ಯಾರೂ ಎತ್ತಲು ಆಗುವುದಿಲ್ಲ.

ಕಾಗುಣಿತ ನೋಡಿ ನಗಬೇಡ. ನನಗೆ ಪತ್ರ ಬರೆದು ಅಭ್ಯಾಸ ಇಲ್ಲ. ಸ್ಕೂಲ್ ಹಾಸ್ಟೆಲಿನಲ್ಲಿ ಭಾನುವಾರ ಭಾನುವಾರ ಬರೆಸುತ್ತಿದ್ದರು ನಿಜ, ಆದರೆ ಅದು ಮೇಟ್ರನ್ ಬೋರ್ಡಿನ ಮೇಲೆ ಬರೆದ ನಾಲ್ಕು ಸಾಲು. ಎಲ್ಲರೂ ಕ್ಷೇಮ, ಎಲ್ಲರ ಊಟವೂ ಚೆನ್ನಾಗಿದೆ. ಚಿಕನ್‌ಪಾಕ್ಸ್ ಬಂದು ಹಿಂದಿನ ಕೋಣೆಯಲ್ಲಿ ಮಲಗಿದ್ದವರೂ ಕ್ಷೇಮವಾಗಿಯೇ ಇದ್ದರು.

ಪಾರ್ಸೆಲ್ ಬಂತು. ಕನ್ನಡಕದ ಡಬ್ಬಿ, ಒಳಗೆ ಲೆನ್ಸ್ ಒರೆಸುವ ಬಟ್ಟೆಯಲ್ಲಿ ಸುತ್ತಿದ ನಿನ್ನ ಥರ್ಮಾಮೀಟರ್. ಒಂದು ಚೀಟಿ ಕೂಡ ಇಲ್ಲ. ರೂಮ್‌ಮೇಟ್ ಜ್ವರನಾ ಅಂತ ಕೇಳಿದಳು, ಹೂಂ ಅಂದೆ. ಡಬ್ಬಿ ಮುಚ್ಚಿ ಕಪಾಟಿನ ತಳಕ್ಕೆ ಹಾಕಿದವಳು ಮತ್ತೆ ತೆಗೆದಿಲ್ಲ.

ಭಾವನನ್ನು ಕೇಳಿದೆ, ಯಾಕೆ ಕಳಿಸಿದಳು ಅಂತ. ನಿಮ್ಮಕ್ಕ ತನ್ನ ಮೈ ಜೊತೆಗೇ ಠೂ ಬಿಟ್ಟಿದ್ದಾಳೆ ಅಂದರು. ತಮಾಷೆಗೆ ಅನ್ನಲು ಹೋದರು. ಆಗಲಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದರು. ನಾನೇ ಬಾಯಾರೆ ಕಳಿಸಿಬಿಟ್ಟೆ ಅಂತ ನೀನು ಅನ್ನುತ್ತಿರುತ್ತೀಯಂತೆ. ಆ ಒಂದು ಮಾತಿಗೋಸ್ಕರ ಇವತ್ತು ಲ್ಯಾಬ್‌ಗೆ ಚಕ್ಕರ್ ಹೊಡೆದು ಇಲ್ಲಿ ಕೂತಿದ್ದೇನೆ.

ಅಕ್ಕ, ಕಾಲೇಜು ಸೇರುವ ಮೊದಲು ನಾನು ನಿಮ್ಮ ಮನೆಗೆ ಬಂದ ವಾರ, ಹಸಿವಾಗಿದೆಯಾ ಅಂತ ನೀನು ಕೇಳಿದರೆ ನಾನು ಗಡಿಯಾರ ನೋಡಿದೆ. ನೀನು ಬಿದ್ದು ಬಿದ್ದು ನಕ್ಕೆ. ಮರುದಿನವೂ ಹಾಗೇ ನೋಡಿದಾಗ ನಗಲಿಲ್ಲ. ನಾಲ್ಕನೇ ಕ್ಲಾಸಿನಿಂದ ನನಗೆ ಬೆಲ್ ಹೊಡೆದಾಗ ಹಸಿವು, ಬೆಲ್ ಹೊಡೆದಾಗ ನಿದ್ದೆ, ಬೆಲ್ ಹೊಡೆದಾಗಲೇ ಬಾತ್‌ರೂಮ್. ಮೈ ಅಂದರೆ ಯೂನಿಫಾರ್ಮ್ ನೇತುಹಾಕುವ ಹ್ಯಾಂಗರ್ ಅಂತ ತಿಳಿದಿದ್ದೆ. ಮುಟ್ಟು ಅನ್ನುವ ಪದ ಮೇಟ್ರನ್ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಅವರಿಗೆ ಅದು ಪ್ರಾಬ್ಲಮ್. ಯಾರ್ಯಾರಿಗೆ ಪ್ರಾಬ್ಲಮ್, ಕೈ ಎತ್ತಿ! ನಡುವಿನ ದಿನಗಳಲ್ಲಿ ಬಿಳಿ ಹೋದರೆ ಅದು ವೀಕ್‌ನೆಸ್, ಎರಡು ಚಮಚ ಟಾನಿಕ್. ಆ ಕೆಂಪು ಟಾನಿಕ್ ಎಷ್ಟು ಬಾಟಲಿ ಕುಡಿದೆನೋ, ಕಾಯಿಲೆ ಮಾತ್ರ ತಿಂಗಳು ತಿಂಗಳೂ ನೆಂಟರ ಹಾಗೆ ಬಂದು ಹೋಗುತ್ತಿತ್ತು.

ಇದನ್ನು ಹೇಳಿದಾಗ ನೀನು ಒಲೆ ಆರಿಸಿ ನನ್ನ ಪಕ್ಕ ಕೂತೆ. ಅಮ್ಮ ನಿನಗೂ ಅದಕ್ಕೇ ಮಾತ್ರೆ ಕೊಡಿಸಿದ್ದಳಂತೆ, ಮದುವೆಯಾದ ಮೇಲೂ ನೀನು ನುಂಗಿದೆಯಂತೆ. ಮಗುವಿಗಾಗಿ ಕಾದು ಕಾದು ಸಾಕಾಗಿ ಡಾಕ್ಟರ ಹತ್ತಿರ ಹೋದಾಗಲೇ ನಿನಗೂ ಗೊತ್ತಾಗಿದ್ದು. ಹಸಿ ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಬಂದರೆ ಅದು ರೋಗ ಅಲ್ಲ ಕಣೇ, ಸುದ್ದಿ, ಬಸಿರು ನಿಲ್ಲುವ ದಿನ ಬಂದಿದೆ ಅಂತ ಸುದ್ದಿ, ಅಂದೆ ನೀನು. ಅದು ಕಳೆದ ಮೇಲೆ ಮೈ ಒಂಚೂರು ಬೆಚ್ಚಗಾಗುತ್ತದೆ, ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಅಳೆದರೆ ತಿಳಿಯುತ್ತದೆ. ಬಸಿರು ನಿಂತರೆ ಆ ಬಿಸಿ ಹಾಗೇ ಉಳಿಯುತ್ತದೆ, ಇಲ್ಲವಾದರೆ ಇಳಿದು ಮುಟ್ಟಾಗುತ್ತದೆ. ಅಷ್ಟೇನಾ ಅಂದೆ ನಾನು. ಅಷ್ಟೇ, ಇದನ್ನು ಹೇಳೋಕೆ ನಮಗೆ ಯಾರಿಗೂ ಬಾಯಿರಲಿಲ್ಲ ನೋಡು, ಅಂದೆ ನೀನು.

ದಿನಾ ಬೆಳಗ್ಗೆ ಭಾವ ಕಾಫಿ ಹಿಡಿದು ಬಾಗಿಲಲ್ಲಿ ನಿಂತು ನಿನ್ನ ಥರ್ಮಾಮೀಟರ್ ಬೀಪ್ ಅನ್ನುವುದನ್ನೇ ಕಾಯುತ್ತಿದ್ದರು. ಈ ಮನೆಯಲ್ಲಿ ನನ್ನ ಮಾತು ನಡೆಯೋದು ಅವಳ ಬಾಯಲ್ಲಿ ಆ ಕಡ್ಡಿ ಇರೋವಷ್ಟು ಹೊತ್ತು ಮಾತ್ರ ಅಂತ, ಇರುವ ದೂರನ್ನೆಲ್ಲ ಆಗಲೇ ಹೇಳಿ ಮುಗಿಸುತ್ತಿದ್ದರು.

ನನಗೂ ನನ್ನ ಬಿಸಿ, ನನ್ನ ದಿನ ನೋಡಿಕೊಳ್ಳಲು ನೀನು ಕಲಿಸಿದೆ. ನಾನೋ, ಪ್ರತಿ ಸಲವೂ ಇದು ಅದೇನಾ, ಕರೆಕ್ಟಾ, ತಪ್ಪಾ ಅಂತ ಓಡಿ ಬರುತ್ತಿದ್ದೆ. ನೀನು, ನಿನ್ನ ಕನ್ನಡಕದ ಅಂಗಡಿಗೆ ಕಣ್ಣು ತೋರಿಸಲು ಬಂದು ಲೆನ್ಸಿನ ಹಿಂದೆ ಬೆವರುತ್ತಾ ಕೂರುವವರಿಗೆ ಹೇಳುವ ಧಾಟಿಯಲ್ಲೇ ಹೇಳುತ್ತಿದ್ದೆ. ಇದು ಎಕ್ಸಾಮ್ ಅಲ್ಲ ರೀ, ನಿಮಗೆ ಏನು ಕಂಡಿತೋ ಅದನ್ನು ಹೇಳಿ. ಒಂದು ದಿನ ನಿನ್ನನ್ನು ಕೇಳದೆ, ನಾಳೆಯೋ ನಾಡಿದ್ದೋ ಮುಟ್ಟಾಗುತ್ತೇನೆ ಅಂದೆ, ಹಾಗೇ ಆಯಿತು. ನೀನು ನನ್ನ ಕೈ ಕುಲುಕಿ ಕಂಗ್ರಾಜುಲೇಷನ್ಸ್ ಮೇಡಂ ಅಂದೆ. ರ‍್ಯಾಂಕ್ ಬಂದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ ಅಕ್ಕ.

ಕಾಲೇಜು ಶುರುವಾಗಿ ಸ್ವಲ್ಪ ದಿನಕ್ಕೆ ನಿನ್ನ ಮೆಸೇಜ್ ಬಂತು, ‘ಇಳಿದಿಲ್ಲ’ ಅಂತ. ಅಷ್ಟೇ. ಕ್ಲಾಸಿನಲ್ಲೇ ಕಿರುಚಿಬಿಟ್ಟೆ. ಸರ್ ಹೊರಗೆ ಕಳಿಸಿದರು. ವೆರಾಂಡದಲ್ಲಿ ನಿಂತು ಒಬ್ಬಳೇ ನಗುತ್ತಿದ್ದೆ.

ಇನ್ನು ಆ ರಜೆಯ ವಾರ. ಮನೆಯಲ್ಲಿ ಅದರ ಮಾತೇ ಯಾರೂ ಎತ್ತುವುದಿಲ್ಲ, ನಾನು ಎತ್ತುತ್ತೇನೆ. ಕೋಪ ಬಂದರೆ ಹರಿದು ಹಾಕು. ಆದರೆ ಓದಿ ಹರಿ.

ನಿನ್ನ ಆರೈಕೆಗೆ ಅಂತ ಅಮ್ಮ ಬಂದಿದ್ದಳು. ನಾನೂ ಬಂದಿದ್ದೆ. ನೀನು ನೈಟಿಯಲ್ಲೇ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತೆ. ನನ್ನ ಬಾಯಲ್ಲಿ ಬ್ರಷ್ ಇತ್ತು. ನಿನ್ನೆಯೂ ಇಳಿದಿತ್ತು, ಒಂದು ದಿನದ್ದು ಲೆಕ್ಕಕ್ಕಿಲ್ಲ ಅಂತ ಸುಮ್ಮನಿದ್ದೆ, ಇವತ್ತು ಇನ್ನೂ ಇಳಿದಿದೆ, ಬಸಿರಿನ ಎದೆ ನೋವೂ ಇಲ್ಲ, ಹೋಯಿತು ಅನ್ನಿಸುತ್ತೆ ಕಣೇ, ಅಂದೆ ನೀನು. ಅಳಲಿಲ್ಲ. ಎಡಗಣ್ಣಿಗೆ ಇಷ್ಟು ಪವರ್ ಅಂತ ಹೇಳುವ ಹಾಗೆ ಹೇಳಿದೆ. ಅಮ್ಮ ಚಾಕು ಕೆಳಗಿಟ್ಟು, ಥೂ, ಬೆಳಗ್ಗೆ ಬೆಳಗ್ಗೆ ಎಂಥ ಮಾತು ಅದು, ಬಿಡ್ತು ಅನ್ನು, ಅಂದಳು. ಅನ್ನೇ ಮೊದಲು! ಅಂತ ಅಮ್ಮ ಗದರಿದಳು. ನೀನು ಅಂದೆ, ಬಿಡ್ತು.

ನಮ್ಮಲ್ಲಿ ಎಲ್ಲರೂ ಅನ್ನುವ ಮಾತು. ಅಮ್ಮನಿಗೆ ಅದು ಬಾಯಿಂದ ಬಿದ್ದ ಕೆಟ್ಟದ್ದನ್ನು ಒರೆಸುವ ಬಟ್ಟೆ. ಹಾಸ್ಟೆಲಿನಲ್ಲಿ ಬೆಳೆದ ನನಗೆ ಅದರ ರೂಢಿ ಇಲ್ಲ. ನನ್ನ ಅರ್ಧಂಬರ್ಧ ಕನ್ನಡಕ್ಕೆ ಕೇಳಿಸಿದ್ದು ಬರೀ ಅದರ ಅರ್ಥ. ಬಿಟ್ಟಿತು, ನಿನ್ನನ್ನು ಬಿಟ್ಟು ಹೋಯಿತು. ನಿನ್ನ ಮುಖ ನೋಡಿದೆ. ನಿನಗೂ ಹಾಗೇ ಕೇಳಿಸಿತ್ತು. ಆಡಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ರಕ್ತ ಕಂಡಿದ್ದು ಆಮೇಲೆ.

ಆಸ್ಪತ್ರೆಯಿಂದ ಬಂದ ದಿನ ಅಮ್ಮ, ಗಿಡ ನೆಟ್ಟು ದಿನಾ ಕಿತ್ತು ಕಿತ್ತು ಬೇರು ನೋಡಿದರೆ ಚಿಗುರುತ್ತಾ ಅಂದಳು. ದುಃಖಕ್ಕೆ ಅಂದಳು, ಗೊತ್ತು. ಭಾವ ಎದ್ದು ಹೊರಗೆ ಹೋದರು. ನೀನು ಮಾತ್ರ ಗೋಡೆ ನೋಡುತ್ತಾ ತಲೆ ಆಡಿಸಿದೆ, ಹೌದು ಅನ್ನುವ ಹಾಗೆ.

ಹೌದು ಅಲ್ಲ ಅಕ್ಕ. ಡಾಕ್ಟರ್ ಹೇಳಿದಾಗ ನಾನೂ ಆ ರೂಮಿನಲ್ಲೇ ಇದ್ದೆ. ಅದರ ಬೆಳವಣಿಗೆ ಮೊದಲೇ ನಿಂತುಹೋಗಿತ್ತು, ನೀವು ಏನು ಮಾಡಿದ್ದರೂ ಮಾಡದಿದ್ದರೂ ನಿಲ್ಲುತ್ತಿತ್ತು, ಅಂದರು. ನೀನು ಅಡುಗೆಮನೆ ಬಾಗಿಲಿಗೆ ಬರುವ ಮೊದಲೇ, ಬಾಯಿ ತೆರೆಯುವ ಮೊದಲೇ. ನೀನು ಪವರ್ ಬರೆದುಕೊಟ್ಟಿದ್ದರಿಂದ ಯಾರ ಕಣ್ಣಾದರೂ ಮಂಜಾಗಿದೆಯಾ? ನಾನು, ಅಮ್ಮ, ಭಾವ, ಎಲ್ಲರೂ ಏನೂ ಆಗಲ್ಲ ಅಂದೆವು. ಆ ಮನೆಯಲ್ಲಿ ಅವತ್ತು ನಿನಗೆ ನಿಜ ಹೇಳಿದ್ದು ನಿನ್ನ ಮೈ ಒಂದೇ. ನಮ್ಮೆಲ್ಲರಿಗಿಂತ ಮೊದಲು, ಒಂಟಿಯಾಗಿ, ಮೆಲ್ಲಗೆ ಹೇಳಿತು. ಅದರ ಜೊತೆ ಠೂ ಬಿಡಬೇಡ.

ಅಮ್ಮನ ಮೇಲೆ ಕೋಪ ಬೇಡ ಅಂತ ಹೇಳಲಾರೆ, ನನಗೇ ಇದೆ. ಆದರೆ ದಿನಾ ನನಗೆ ಫೋನ್ ಮಾಡಿ, ಮಂಡಿನೋವಿನಿಂದ ಶುರುಮಾಡಿ, ಅವಳು ಊಟ ಮಾಡ್ತಾಳಂತಾ ಅಂತ ಕೇಳಿ ಮುಗಿಸುತ್ತಾಳೆ. ನಿನ್ನನ್ನು ನೇರವಾಗಿ ಕೇಳಲು ಅವಳಿಗೆ ಈಗ ಬಾಯಿಲ್ಲ.

ನನ್ನ ಬಗ್ಗೆ ಹೇಳುವಂಥದ್ದೇನಿಲ್ಲ. ಓದು ನಡೆಯುತ್ತಿದೆ. ಮೆಸ್ಸಿನ ಊಟ ಮೆಸ್ಸಿನ ಊಟದ ಹಾಗೇ ಇದೆ. ಆರಾಮಾಗಿದ್ದೇನೆ.

ಉತ್ತರ ಬರೆಯದಿದ್ದರೂ ಸರಿ, ಒಂದು ಸಲ ಫೋನ್ ಎತ್ತಿ ಬಯ್ದುಬಿಡು.

ನಿನ್ನ ಬೆನ್ನಿಗೆ ಬಿದ್ದವಳು,
ಪುಕ್ಕಲಿ

ಕಾಗದ ಮಡಚಿದ ಮೇಲೆ ಬರೆದದ್ದು:

ಮೇಲೆ ಎರಡು ಸುಳ್ಳು ಇವೆ. ಡಬ್ಬಿ ಕಪಾಟಿನ ತಳದಲ್ಲಿಲ್ಲ, ದಿಂಬಿನ ಕೆಳಗಿದೆ. ಪಾರ್ಸೆಲ್ ಬಂದ ಮರುದಿನದಿಂದ ಬೆಳಗ್ಗೆ ಬೆಳಗ್ಗೆ ಅಳೆದುಕೊಳ್ಳುತ್ತಿದ್ದೇನೆ. ಆರಾಮಾಗಿಯೂ ಇಲ್ಲ. ನಿಮ್ಮ ಮನೆಯಿಂದ ಬಂದ ಮೇಲೆ ನನಗೆ ಮುಟ್ಟೇ ಆಗಿಲ್ಲ ಅಕ್ಕ. ಹುಡುಗ ಗಿಡುಗ ಅಂತ ಗಾಬರಿಯಾಗಬೇಡ, ಈ ಮೇಜು ಬಿಟ್ಟರೆ ನನಗೆ ಯಾರ ಸಹವಾಸವೂ ಇಲ್ಲ. ಬಿಸಿ ಏರುವುದೇ ಇಲ್ಲ. ಸುದ್ದಿಯೂ ಇಲ್ಲ, ದಿನಗಳೆಲ್ಲ ಒಣ. ಥರ್ಮಾಮೀಟರ್ ಕೆಟ್ಟಿರಬಹುದು ಅಂತ ಎಷ್ಟೋ ಸಲ ಅಂದುಕೊಂಡೆ. ಅದು ಕೆಟ್ಟಿಲ್ಲ ಅಂತ ನಮ್ಮಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಡಾಕ್ಟರಿಗೆ ತೋರಿಸಬೇಕು ಅಂತ ನನಗೇ ಅನ್ನಿಸುತ್ತಿದೆ, ಒಬ್ಬಳೇ ಹೋಗಲು ಕಾಲು ಬರುತ್ತಿಲ್ಲ. ಕಾಲೇಜಿನ ಹೆಲ್ತ್ ಸೆಂಟರ್ ಶನಿವಾರ ತೆರೆದಿರುತ್ತದೆ. ಅಕ್ಕ ಬರುತ್ತಾಳೆ ಅಂತ ವಾರ್ಡನ್‌ಗೆ ಆಗಲೇ ಹೇಳಿ ಬಂದುಬಿಟ್ಟಿದ್ದೇನೆ.