ನಗಿಸೋ ಡ್ಯೂಟಿ

ಮಾರ್ಚ್ 11, ಮಂಗಳವಾರ

ಇವತ್ತೂ ಅದೇ. ಲಾರಿ ಬ್ರೇಕ್ ಲೈನರ್ ಎತ್ಕೊಳ್ಳೋದು, ಗ್ರೈಂಡರ್‌ಗೆ ಕೊಡೋದು, ಉಜ್ಜೋದು. ಮಧ್ಯಾಹ್ನದೊಳಗೆ ಮೀಸೆ ಹುಬ್ಬು ಎಲ್ಲಾ ಬೂದಿ. ಪಕ್ಕದ ಮಿಷನ್ ಭೂತಪ್ಪಂಗೆ ಹೇಳ್ದೆ — ಮಾರಾಯ, ಊರೋರು ಹಣೆಗೆ ಮಾತ್ರ ವಿಭೂತಿ ಹಚ್ಕೋತಾರೆ, ನಾವು ಕಾಲ್ಬೆರಳ ತನಕ. ಶಿವ ಮೊದ್ಲು ನಮ್ಮನ್ನೇ ಕರೀತಾನೆ. ನಕ್ಕ, ಕೆಮ್ಮಿದ, ಮತ್ತೆ ನಕ್ಕ.

ಮನೇಲಿ ಶಂಕರಮ್ಮಂದು ಮಾಮೂಲಿ ಆರ್ಡರ್. ಒಳಗೆ ಬರ್ಬೇಡಿ, ಹಿತ್ಲಲ್ಲೇ ಬಿಚ್ಚಿ. ಕೊಡವಿ ಕೊಡವಿ ಒಗೀತಾಳೆ. ಮದ್ವೆ ಆದಾಗಿಂದ ಹಂಗೇ. ಇವತ್ತು ನಡುವೆ ಎರಡು ಸಲ ಕೂತ್ಕೊಂಡ್ಲು. ಉಸ್ರು ಸಾಲ್ತಿಲ್ಲ ಅಂದ್ಲು. ವಯಸ್ಸಾಯ್ತು ಮಾರಾಯ್ತಿ, ಹೊಸಬಳನ್ನ ನೋಡ್ತೀನಿ ಅಂದೆ. ಒದ್ದೆ ಪ್ಯಾಂಟಲ್ಲೇ ಬಾರಿಸಿದ್ಲು.

ಮಾರ್ಚ್ 29, ಶನಿವಾರ

ಶಿವಮೊಗ್ಗದ ಆಸ್ಪತ್ರೆ. ನಾಲ್ಕು ದಿನ ಆಯ್ತು. ಶಂಕರಮ್ಮನ ಎದೇಲಿ ನೀರು ತುಂಬಿದೆ. ಸೂಜಿ ಹಾಕಿ ತೆಗೆದ್ರು… ನೋಡಕ್ಕಾಗ್ಲಿಲ್ಲ.

ಡಾಕ್ಟ್ರಮ್ಮ ನನ್ನ ಕೆಲ್ಸ ಏನು ಅಂದ್ರು. ಹೇಳ್ದೆ. ಬಟ್ಟೆ ಯಾರು ಒಗೀತಾರೆ ಅಂದ್ರು. ಅವಳೇ ಮೇಡಂ, ನಾನು ಒಗೆದ್ರೆ ಶರ್ಟು ಅಳುತ್ತೆ ಅಂದೆ. ಅವ್ರು ನಗ್ಲಿಲ್ಲ.

ಆ ಲೈನರಲ್ಲಿ ಕಲ್ನಾರು ಇರುತ್ತಂತೆ. ಆಸ್ಬೆಸ್ಟಾಸು. ಧೂಳು ಬಟ್ಟೇಲಿ ಮನೆಗೆ ಬರುತ್ತೆ, ಕೊಡವಿದ್ರೆ ಎದೆಗೆ ಹೋಗುತ್ತೆ, ಒಳಗೇ ಕೂತು ಎಷ್ಟೋ ವರ್ಷಕ್ಕೆ ತೋರ್ಸ್ಕೊಳುತ್ತೆ. ಕಂಪನಿ ಬಟ್ಟೆ ಕಂಪನೀಲೇ ಒಗೀಬೇಕು ಅಂತ ಸರ್ಕಾರದ ರೂಲ್ಸೇ ಇದೆಯಂತೆ. ಇನ್ಸ್‌ಪೆಕ್ಟರ್ ಬಂದಾಗ ಹೇಳಿ ಅಂದ್ರು.

ನಂಗೂ ಎಕ್ಸ್‌ರೇ ತೆಗೆದ್ರು. ಸದ್ಯಕ್ಕೆ ಏನಿಲ್ಲ. ಉಜ್ಜಿದೋನಿಗೆ ಏನಿಲ್ಲ.

ಏಪ್ರಿಲ್ 16, ಬುಧವಾರ

ನಾಳೆ ಇನ್ಸ್‌ಪೆಕ್ಷನ್ನು. ಹೆಂಗೋ ಮೊದ್ಲೇ ಗೊತ್ತಾಗುತ್ತೆ. ಮಿಷನ್ ಎಲ್ಲಾ ನಿಲ್ಸಿ ನೆಲಕ್ಕೆ ನೀರು ಹೊಡೆದ್ವಿ. ಬೀರುವಿಂದ ನೀಲಿ ಯೂನಿಫಾರಂ, ಮಾಸ್ಕು ಬಂತು. ನಾಳೆ ಸಂಜೆ ವಾಪಸ್ ಬೀರು.

ಸಾವ್ಕಾರ್ ವಿಶ್ವಾರಾಧ್ಯ ಕರೆದು, ಷಡಕ್ಷರಪ್ಪ, ನಿಂದು ನಗಿಸೋ ಡ್ಯೂಟಿ ಅಂದ್ರು. ಪ್ರತಿ ಸಲವೂ ನಂದೇ. ಸಾಹೇಬ್ರ ಜೊತೆ ನಡೀತಾ ಕತೆ ಬಿಡೋದು, ಕೊನೇಲಿ 'ನಿಜ ಸಾರ್' ಅನ್ನೋದು. ಅವ್ರು ನಗ್ತಾ ನಗ್ತಾ ಬಾಗಿಲು ದಾಟಿರ್ತಾರೆ.

ಈ ಸಲ ಹೇಳೇಬಿಡ್ತೀನಿ ಅಂದೆ ಶಂಕರಮ್ಮಂಗೆ. ಕೆಲ್ಸ ಹೋದ್ರೆ ಅಂತ ಕೇಳ್ತಾಳೆ ಅನ್ಕೊಂಡಿದ್ದೆ. ದಿಂಬಿಗೆ ಒರಗಿ ಕೂತಿದ್ಲು. "ನಂದಂತೂ ಆಯ್ತು. ಭೂತಪ್ಪನ ಸೊಸೆ ತನುಜಾ ಬಸುರಿ, ಅವಳೂ ಮಾವನ ಬಟ್ಟೆ ಒಗೀತಾಳೆ. ಹೇಳಿ ನೀವು."

ಏಪ್ರಿಲ್ 17, ಗುರುವಾರ

ಹೇಳ್ದೆ. ಎಲ್ಲರ ಎದುರಿಗೇ.

"ಸಾರ್, ಈ ಬಟ್ಟೆ ಒಗೆದು ಒಗೆದು ನನ್ನ ಹೆಂಡ್ತಿ ಎದೇಲಿ ನೀರು ತುಂಬ್ಕೊಂಡಿದೆ."

ಇನ್ಸ್‌ಪೆಕ್ಟರ್ ನರಸಿಂಹಮೂರ್ತಿ ಸಾಹೇಬ್ರು ನನ್ನ ಮುಖಾನೇ ನೋಡಿದ್ರು. ಮುಂದಿಂದಕ್ಕೆ ಕಾಯ್ತಿದ್ರು. ಮುಂದೇನೂ ಇರ್ಲಿಲ್ಲ. ಬಾಯಿ ತಪ್ಪಿ ಬಂತು — ನಿಜ ಸಾರ್.

ನಕ್ಕೇ ನಕ್ರು. ಸಾವ್ಕಾರ್ರೂ ನಕ್ರು. ಭೂತಪ್ಪನೂ ತಲೆ ತಗ್ಗಿಸ್ಕೊಂಡು… ನಾನೂ. ಹಾಳಾದ್ದು ಈ ಮುಖ. ನಾಲ್ಕು ಜನ ನಕ್ರೆ ತಾನೇ ತೆರ್ಕೊಳುತ್ತೆ.

ಏಪ್ರಿಲ್ 21, ಸೋಮವಾರ

ಶಿವಮೊಗ್ಗ, ಸಾಹೇಬ್ರ ಆಫೀಸು. ಶಂಕರಮ್ಮನ ಎಕ್ಸ್‌ರೇ ಟೇಬಲ್ ಮೇಲಿಟ್ಟೆ. ಬಾಯಿ ಬಿಡ್ಲಿಲ್ಲ. ಬಿಟ್ರೆ ಏನು ಬರುತ್ತೋ.

ನೋಡಿ ಎದ್ದು ನಿಂತ್ರು. ಅವತ್ತು ತಪ್ಪಾಯ್ತು ಷಡಕ್ಷರಪ್ಪ ಅಂದ್ರು. ಒಳ್ಳೆ ಮನುಷ್ಯ. ಆದ್ರೆ ಕಾನೂನು ಕೆಲಸಗಾರರಿಗಂತೆ. ಶಂಕರಮ್ಮ ಕೆಲಸಗಾರಳಲ್ಲ. ಇಷ್ಟು ವರ್ಷ ಒಗೆದಿದ್ದು ಕೆಲ್ಸ ಅಲ್ವಂತೆ. ಬಟ್ಟೆ ಒಗೆಸೋದಕ್ಕೆ, ಧೂಳು ಎಳ್ಕೊಳೋ ಮಿಷನ್ ಹಾಕಿಸೋದಕ್ಕೆ ನೋಟಿಸ್ ಕೊಡ್ತೀನಿ, ಹೇಳ್ದೇ ಕೇಳ್ದೇ ಬರ್ತೀನಿ ಅಂದ್ರು. ಬಸ್ಸಲ್ಲಿ ಬರ್ತಾ ತನುಜಾ ಒಬ್ಳಾದ್ರೂ ಉಳಿದ್ಲು ಅನ್ಕೊಂಡೆ.

ಮೇ 13, ಮಂಗಳವಾರ

ಸಾಹೇಬ್ರು ಮಾತಿನಂಗೆ ಬಂದ್ರು. ನೋಡೋಕೆ ಏನೂ ಇರ್ಲಿಲ್ಲ. ನೋಟಿಸ್ ಬಂದ ವಾರದಲ್ಲೇ ಸಾವ್ಕಾರ್ರು ಗ್ರೈಂಡಿಂಗ್ ಸೆಕ್ಷನ್ ಬಂದ್ ಮಾಡಿ, ಮಿಷನ್ ಎಲ್ಲಾ ಕೆಲಸದೋರ ಮನೆಗೇ ಕಳ್ಸಿದಾರೆ. ಪೀಸ್ ಲೆಕ್ಕ. ನಂಗೂ ಕರೆದ್ರು. ಒಂದು ತಗೊಂಡ್ಹೋಗು, ಹೆಂಡ್ತೀನ ನೋಡ್ಕೊಂಡು ಮನೇಲೇ ಕೆಲ್ಸ ಮಾಡ್ಬೋದಲ್ಲ ಅಂದ್ರು. ಪ್ರೀತಿಯಿಂದ್ಲೇ ಅಂದ್ರು. ಬೇಡ ಅಂದೆ. ಈಗ ಕೆಲ್ಸ ಇಲ್ಲ.

ಮನೇಲಿ ಉಜ್ಜಿದ್ರೆ ಯಾವ ಇನ್ಸ್‌ಪೆಕ್ಷನ್ನು? ಸಾಹೇಬ್ರಿಗೆ ಫೋನ್ ಮಾಡಿ ಕೇಳ್ದೆ. ಮೇಲಿನೋರಿಗೆ ಬರೀತೀನಿ ಅಂದ್ರು.

ಮೇ 18, ಭಾನುವಾರ

ಭೂತಪ್ಪನ ಮನೆಗೆ ಹೋಗಿದ್ದೆ. ಹಿತ್ಲಲ್ಲಿ ತಗಡು ಹೊದಿಸಿ ಮಿಷನ್ ಇಟ್ಟಿದಾನೆ. ತನುಜಾ ಪಕ್ಕದಲ್ಲೇ ಕೂತು ಲೈನರ್ ಎತ್ತಿ ಎತ್ತಿ ಕೊಡ್ತಿದ್ಲು. ಸೆರಗಲ್ಲಿ ಮೂಗು ಮುಚ್ಕೊಂಡು. ಏಳನೇ ತಿಂಗಳು. ನಿಲ್ಸು ಮಾರಾಯ, ಶಂಕರಮ್ಮನ್ನ ನೋಡಿದೀಯಲ್ಲ ಅಂದೆ. ನಿಲ್ಸಿದ.

"ನೀನು ಸಾಹೇಬ್ರ ಹತ್ರ ಹೋಗೋ ತನಕ ಇದು ಮಲವಗೊಪ್ಪದ ಫ್ಯಾಕ್ಟ್ರೀಲಿತ್ತು ಷಡಕ್ಷರಪ್ಪ. ಈಗ ನನ್ನ ಮನೇಲಿದೆ."

ಜಗಳದ ದನಿ ಅಲ್ಲ. ಸುಮ್ನೆ ಹೇಳ್ದ. ಮತ್ತೆ ಸ್ವಿಚ್ ಹಾಕಿದ.

ಶಂಕರಮ್ಮ ಕೇಳ್ತಾನೇ ಇದಾಳೆ, ಹುಡುಗಿ ಹೆಂಗಿದಾಳೆ, ಈಗ ಬಟ್ಟೆ ಒಗೆಯೋದು ತಪ್ತಲ್ಲ ಅಂತ. ತಪ್ತು ಅಂದೆ. ನಿಜಾನಾ ಅಂದ್ಲು. ನಾನು, ನಿಜ ಮಾರಾಯ್ತಿ ಅಂದೆ.