ಬಾಗಿಲಲ್ಲಿ ದ್ಯಾಮಣ್ಣನ ಹೊಗಳಿಕೆ

ಹುಬ್ಬಳ್ಳಿ, ೨೧೯೧ನೆಯ ಇಸವಿ, ಹದಿಮೂರನೆಯ ತಿಂಗಳು

ನಾನು ಹುಟ್ಟುವ ಮೊದಲೇ ತೀರಿಹೋದ ಹಿರಿಯರಿಗೆ ನಮಸ್ಕಾರ. ತಾರೀಖು ನೋಡಿ ನಗಬೇಡಿ. ಬೇಸಿಗೆಯನ್ನು ಸೀಳಿ ಒಂದು ತಿಂಗಳು ಹೆಚ್ಚಿಗೆ ಮಾಡಿಕೊಂಡಿದ್ದೇವೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬಾಚಣಿಗೆ ಮಾರುತ್ತ ಬೀದಿಯಲ್ಲಿ ಮಾತು ಕಲಿತವನು ನಾನು.

ಈಗ ‘ತಿಳಿಮನೆ’ಯ ಬಾಗಿಲಲ್ಲಿ ಕೆಲಸ. ಕುಡಿತ ಬಿಡಿಸುವುದಕ್ಕೂ ಮನಸ್ಸಿನ ಕಾಯಿಲೆಗೂ ಇರುವ ನಮ್ಮ ಆಸ್ಪತ್ರೆಯ ಹೆಸರು ಅದು. ಗೋಡೆ ತಂಪು, ಗಂಜಿ ಬಿಸಿ, ಡಾಕ್ಟರುಗಳೂ ಕೆಟ್ಟವರೇನಲ್ಲ. ಬಿಡುಗಡೆಯ ದಿನ ರೋಗಿಯನ್ನು ಎಲ್ಲರೆದುರು ಕೂರಿಸಿ, ಇಲ್ಲಿ ಹೇಗೆ ನೋಡಿಕೊಂಡರು ಎಂದು ಕೇಳುವುದು ಪದ್ಧತಿ. ದೂರಿದರೆ ಕಾಯಿಲೆ ಇನ್ನೂ ಉಳಿದಿದೆ ಎಂದರ್ಥ, ಮತ್ತೆ ಒಳಗೆ. ಹೀಗಾಗಿ ನೂರಕ್ಕೆ ನೂರು ಮಂದಿ ಹೊಗಳುತ್ತಾರೆ. ಇಲ್ಲೇ ರೋಗಿಯಾಗಿದ್ದ ನಾನೂ ಹೊಗಳಿಯೇ ಹೊರಬಿದ್ದೆ. ಹೊಗಳಿದವರಲ್ಲಿ ಅರ್ಧ ಜನ ಮರಳಿ ಬರುತ್ತಾರಲ್ಲ, ಆ ಲೆಕ್ಕವನ್ನು ಮಾತ್ರ ಯಾರೂ ಕೂಡಿಸುವುದಿಲ್ಲ.

ಚೆನ್ನಾಗಿ ಹೊಗಳಿದವರ ದನಿಯನ್ನು ಬಾಗಿಲ ಪಕ್ಕದ ‘ದನಿಗಲ್ಲು’ ಎಂಬ ಕಲ್ಲಿನಲ್ಲಿ ಇಡುತ್ತೇವೆ, ಹೊಸಬರು ಹತ್ತಿರ ಬಂದರೆ ಕಲ್ಲು ತಾನೇ ಮಾತಾಡುತ್ತದೆ. ಈಗ ಅದರೊಳಗಿರುವವನು ದ್ಯಾಮಣ್ಣ, ನನ್ನ ಪಕ್ಕದ ಮಂಚದವನು. ಕುಡಿತ ಬಿಟ್ಟು ನಡುಕ ಹತ್ತಿದಾಗ ಅವನನ್ನು ಒಂಟಿ ಕೋಣೆಗೆ ನೂಕಿ ಚಿಲಕ ಹಾಕಿದ್ದರು. ನೀರು, ನೀರು ಎಂದು ಕೂಗಿದ್ದು ಗೋಡೆಯಾಚೆ ನನಗೆ ಕೇಳುತ್ತಿತ್ತು. ಹೊರಟ ದಿನ ಆತ ಹೇಳಿದ್ದು: “ತಾಯಿ ನೋಡ್ಕೊಂಡಂಗ ನೋಡ್ಕೊಂಡಾರ್ರಿ. ಏನೂ ಕಮ್ಮಿ ಮಾಡಿಲ್ಲ.” ಮಳೆಗಾಲ ಮುಗಿಯುವ ಮೊದಲೇ ಕುಡಿದು ಸತ್ತ. ಕಲ್ಲು ದಿನವೂ ಅದನ್ನೇ ಹೇಳುತ್ತಿದೆ.

ಇಂದು ಅವನ ಮಗಳು ತಂಗೆವ್ವ ಸೇರಲು ಬಂದಳು. ಅದೇ ಚಟ, ಅದೇ ನಡುಕ. ಕಲ್ಲು ಮಾತಾಡಿತು. ಅದರ ಮೇಲೆ ಕೈಯಿಟ್ಟು ನಿಂತು ನಕ್ಕಳು.

“ಅಪ್ಪ ಯಾರನ್ನೂ ಹೊಗಳಿದಾಂವಲ್ಲ ಕಾಕಾ. ಅಂವ ಹಿಂಗ ಅಂದಾನಂದ್ರ ಚೊಲೋನ ಇರಬೇಕು.”

ಚಿಲಕದ ಕತೆ, ನೀರಿನ ಕತೆ, ಎಲ್ಲ ಹೇಳಿದೆ. ಹೊರಡುವ ದಿನ ನೀನಾದರೂ ನಿಜ ಹೇಳು ಎಂದೆ.

“ನಿಜ ಹೇಳಿದ್ರ ಮನೀಗೆ ಬಿಡ್ತಾರೇನ್ ಕಾಕಾ?”

ಅವಳನ್ನು ಅಲ್ಲೇ ಕೂರಿಸಿ ಕಾಗದ ತೆಗೆದೆ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಈ ನಿಯಮ ಹುಟ್ಟುವುದು ನಿಮ್ಮ ಕಾಲದ ಒಂದು ಸಭೆಯಲ್ಲಿ, ಒಳ್ಳೆಯ ಉದ್ದೇಶದಿಂದಲೇ. ದೂರುವುದು ರೋಗದ ಲಕ್ಷಣ ಎಂಬ ಸಾಲು ಬಂದಾಗ ಯಾರಾದರೂ ಒಬ್ಬರು ಕೈಯೆತ್ತಿ, ಅದನ್ನು ಹೊಡೆದುಹಾಕಿಸಿ. ರೋಗಿಯನ್ನು ಅವನ ಮನೆಯಲ್ಲಿ, ಆಸ್ಪತ್ರೆಯವರು ಯಾರೂ ಇಲ್ಲದಾಗ ವಿಚಾರಿಸಿ.

ತಂಗೆವ್ವ ಇನ್ನೂ ಹೊಸ್ತಿಲ ಹೊರಗೇ ಇದ್ದಾಳೆ. ಚಹಾ ತರಿಸಿದ್ದೇನೆ, ಬರೆಯುತ್ತಲೇ ಏನೇನೋ ಹೇಳಿ ನಗಿಸುತ್ತಿದ್ದೇನೆ. ಅವಳ ಲೋಟ ಖಾಲಿಯಾಗುತ್ತ ಬಂದಿದೆ. ಅವಳನ್ನು ಬಹಳ ಹೊತ್ತು ಹಿಡಿದಿಡಲಾರೆ. ಬೇಗ ಕೈಯೆತ್ತಿ.