ತೂಕಕ್ಕೆ ಸಿಗದ ಬೆಳೆ

ಸಿಯೆನ್‌ಫ್ಯೂಗೊಸ್, 1994

ಮೇ 16

ನೀರು ಹಾಕಿ ಮುಗಿಯುವಷ್ಟರಲ್ಲಿ ಬಿಸಿಲು ಏರಿತ್ತು. ಪಂಪಿಗೆ ಕರೆಂಟಿಲ್ಲ, ಮತ್ತೆ ಬಕೆಟ್ಟೇ ಗತಿ. ಎವರಿಸ್ತೊ ಎರಡು ಕೈಯಲ್ಲೂ ಬಕೆಟ್ ಹಿಡಿದು "ಮುಂದಿನ ಸ್ಟಾಪ್ ಸೊಪ್ಪಿನ ಮಡಿ, ಇಳಿಯೋರು ಬಾಗಿಲ ಹತ್ರ ಬನ್ನಿ" ಅಂತ ಕೂಗುತ್ತ ಓಡಾಡಿದ. ಎರಡು ವರ್ಷದ ಹಿಂದಿನವರೆಗೂ ಬಸ್ ಓಡಿಸುತ್ತಿದ್ದವನು. ಸೋವಿಯತ್ ಹಡಗು ನಿಂತವು, ಡೀಸೆಲ್ ನಿಂತಿತು, ಅವನ ಬಸ್ಸು ನಿಂತಿತು. ನಾನು ಕಲಿಸುತ್ತಿದ್ದ ರಷ್ಯನ್ ಕ್ಲಾಸೂ ಅದರ ಜೊತೆಗೇ ನಿಂತಿತು. ರಷ್ಯದವರೇ ಬರುವುದಿಲ್ಲ ಅಂದ ಮೇಲೆ ಅವರ ವ್ಯಾಕರಣ ಯಾರಿಗೆ ಬೇಕು. ಅಮೆರಿಕದವರಂತೂ ನಾನು ಹುಟ್ಟಿದ ಹೊಸದರಲ್ಲೇ ಬಾಗಿಲು ಹಾಕಿಕೊಂಡವರು.

ಈಗ ಹೊಸ ನೀತಿ — ಊರೊಳಗಿನ ಖಾಲಿ ಜಾಗದಲ್ಲೆಲ್ಲ ತರಕಾರಿ. ಗೊಬ್ಬರದ ಚೀಲವಿಲ್ಲ, ಔಷಧಿ ಇಲ್ಲ, ಟ್ರಾಕ್ಟರ್ ಇಲ್ಲ. ಎರೆಹುಳ, ಸಕ್ಕರೆ ಕಾರ್ಖಾನೆಯ ಮಡ್ಡಿ, ನಮ್ಮ ಬೆನ್ನು. ಮೇಲೇಳದೆ ಹೋದ ಒಂದು ಕಟ್ಟಡದ ಪಾಯ ನಮ್ಮ ಪಾಲಿಗೆ ಬಂತು. ಆ ಪಾಯದೊಳಗೇ ಮಣ್ಣು ತುಂಬಿ ಮಡಿ ಮಾಡಿದ್ದೇವೆ. ಯಜಮಾನಿಕೆ ನನ್ನದು. ಕೈ ಬೊಬ್ಬೆ ಎದ್ದಿದೆ, ಆದರೆ ಎರಡು ವರ್ಷದಲ್ಲಿ ಮೊದಲ ಸಲ ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ.

ಜೂನ್ 4

ನಮಗೆ ಕೆಂಪು ಪತಾಕೆ! ಪ್ರಾಂತ್ಯಕ್ಕೇ ಮೊದಲು. ಸರ್ಕಾರದ ಪ್ಲಾನ್ ಇರುವುದು ತೂಕದಲ್ಲಿ — ಇಷ್ಟು ಜಾಗಕ್ಕೆ ಇಷ್ಟು ಕಿಲೋ. ನಾನು ಯೋಚನೆ ಮಾಡಿ ಎಲ್ಲ ಮಡಿಗೂ ಆಸೆಲ್ಗಾ ಸೊಪ್ಪು ಹಾಕಿಸಿದ್ದೆ. ದಪ್ಪ ದಂಟು, ಅಗಲ ಎಲೆ, ನೀರು ಕುಡಿದು ಕಲ್ಲಿನ ಹಾಗೆ ತೂಗುತ್ತದೆ. ಬೇಗ ಬೇರೆ ಬರುತ್ತದೆ. ಪ್ಲಾನ್ ದಾಟಿ ಎಲ್ಲೋ ಹೋದೆವು. ಪತಾಕೆಯನ್ನು ಗೇಟಿಗೇ ಕಟ್ಟಿದೆ. ಬೀಗದೆ ಇರುವುದು ಹೇಗೆ?

ಜೂನ್ 5, ಸಂಜೆ

ಯಾರೂ ಸೊಪ್ಪು ಕೊಳ್ಳುತ್ತಿಲ್ಲ.

ಹಸಿವಿಲ್ಲ ಅಂತಲ್ಲ. ಎಲ್ಲರ ಪ್ಯಾಂಟೂ ಹಗ್ಗದಲ್ಲಿ ನಿಂತಿದೆ. ಆದರೂ ಗೇಟಿನವರೆಗೆ ಬಂದು, ಇಣುಕಿ, "ಬರೀ ಇದೇನಾ?" ಅಂತ ಹೋಗುತ್ತಾರೆ. ಒಂದು ಕಟ್ಟು ಮನೆಗೆ ತಂದು ಬೇಯಿಸಿ ಅಮ್ಮನ ಮುಂದಿಟ್ಟೆ. ಅಮ್ಮ ತಟ್ಟೆಯನ್ನು ಒಂದೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದಳು.

"ನಾನೇನು ಮೊಲಾನೇನೇ? ಹುಲ್ಲು ತಿನ್ನೋಕೆ ಇಷ್ಟು ವರ್ಷ ಬದುಕಿದ್ನಾ?"

ಕೊಯ್ದ ಸೊಪ್ಪೆಲ್ಲ ಬಾಡಿ ಎರೆಹುಳದ ತೊಟ್ಟಿಗೆ ಹೋಯಿತು. ಪ್ರಾಂತ್ಯಕ್ಕೆ ಮೊದಲು ಬಂದದ್ದು ನಮ್ಮ ಎರೆಹುಳಗಳು.

ಜೂನ್ 21

ಪ್ರಾಂತ್ಯದ ಆಫೀಸಿನಿಂದ ಅರಿಸ್ತಿದೆಸ್ ಬಂದಿದ್ದರು. ತೆಳ್ಳಗಿನ ಮನುಷ್ಯ, ಸದಾ ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿಗೆ ಕರೆಂಟು ಎಲ್ಲಿಂದಲೋ. ತೂಕ ಹೊಗಳಿದರು. ಆಮೇಲೆ ಬೇಲಿಯ ಆಚೆಗಿನ ಹಳೆಯ ಹೋಟೆಲ್ ಕಡೆ ಕೈ ತೋರಿಸಿದರು. ವಿದೇಶಿ ಪ್ರವಾಸಿಗಳಿಗಾಗಿ ಅದಕ್ಕೆ ಬಣ್ಣ ಹೊಡೆಯುತ್ತಿದ್ದಾರೆ. ಕಾರು ನಿಲ್ಲಿಸಲು ಜಾಗ ಬೇಕಂತೆ. ನಮ್ಮ ಜಾಗ.

ವಾದ ಮಾಡಿದೆ. ಅವರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. ಡಾಲರ್ ಬಂದರೆ ಮಕ್ಕಳಿಗೆ ಹಾಲಿನ ಪುಡಿ, ಆಸ್ಪತ್ರೆಗೆ ಔಷಧಿ ಎಂದರು. ಅದು ಸುಳ್ಳಲ್ಲ.

"ನಿಮ್ಮ ಸೊಪ್ಪು ಯಾರಿಗೂ ಬೇಡ ಅಂತ ಊರಿಗೆಲ್ಲ ಗೊತ್ತು, ಕಾಮ್ರೇಡ್ ಮಿಗ್ದಾಲಿಯಾ. ಸೆಪ್ಟೆಂಬರ್ ಕೊನೆಗೆ ಬಂದು ನೋಡ್ತೀನಿ. ಈ ತೋಟ ಜನಕ್ಕೆ ಬೇಕು ಅಂತ ನನ್ನ ಕಣ್ಣಿಗೆ ಕಂಡ್ರೆ ಇರುತ್ತೆ. ಇಲ್ದಿದ್ರೆ ಡಾಂಬರು."

ಎವರಿಸ್ತೊ ಇಡೀ ದಿನ ಒಂದು ಜೋಕೂ ಹೇಳಲಿಲ್ಲ.

ಜೂನ್ 23

ಮಧ್ಯಾಹ್ನ ಅನ್ನ, ಬಟಾಣಿ ಬೇಳೆ. ನಿನ್ನೆಯೂ ಅದೇ. ಮೊನ್ನೆಯೂ. ಎಣ್ಣೆ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಿಸಿನೀರಿನಲ್ಲಿ ಹಳದಿ ಬಣ್ಣ. ಅಮ್ಮ ಒಂದು ತುತ್ತು ಬಾಯಿಗಿಟ್ಟು ಚಮಚ ಕೆಳಗಿಟ್ಟಳು. ಮೆಟ್ಟಿಲು ಹತ್ತಿ ಮಹಡಿಗೆ ಹೋದಳು. ಅಲ್ಲಿ ತುಕ್ಕು ಹಿಡಿದ ಡಬ್ಬದಲ್ಲಿ ಅವಳ ಕಚೂಚಾ ಗಿಡವಿದೆ. ಖಾರವಿಲ್ಲದ, ಟೋಪಿಯ ಹಾಗೆ ಮಡಚಿಕೊಂಡ ಪುಟ್ಟ ಮೆಣಸು. ಮೂರು ಕಾಯಿ ತಂದು ಚೂರು ಮಾಡಿ ಕುದಿಯುವ ಬೇಳೆಗೆ ಹಾಕಿದಳು.

ಘಮ ಕಿಟಕಿ ದಾಟಿತು. ಎದುರು ಮನೆಯ ಒರ್ತೆನ್ಸಿಯಾ — ನಮ್ಮ ಬೀದಿ ಸಮಿತಿಯ ಅಧ್ಯಕ್ಷೆ, ಅವಳ ಮೂಗಿಗೆ ಬೀಳದ ಸುದ್ದಿಯಿಲ್ಲ — ಬಾಗಿಲಲ್ಲಿ ಬಂದು ನಿಂತಳು. "ಎವ್ಲಾಲಿಯಮ್ಮ, ಹಂದಿ ಮಾಂಸ ಸಿಕ್ತಾ? ಎಲ್ಲಿ? ನಿಜ ಹೇಳಿ" ಎಂದಳು. ಬೇಳೆ ತೋರಿಸಿದರೂ ನಂಬಲಿಲ್ಲ. ಪಾತ್ರೆಗೆ ಸೌಟು ಹಾಕಿ ತಳ ಕೆದಕಿ ನೋಡಿದಳು.

ಊಟ ಮಾಡುತ್ತಾ ತಲೆಗೆ ಹೊಳೆಯಿತು. ಪಡಿತರದಲ್ಲಿ ಅನ್ನ ಬರುತ್ತದೆ, ಬೇಳೆ ಬರುತ್ತದೆ. ರುಚಿ ಬರುವುದಿಲ್ಲ. ಜನಕ್ಕೆ ಇಲ್ಲದೆ ಹೋಗಿರುವುದು ಅದು. ನಾನು ತೂಕ ಬೆಳೆದೆ, ಎಂಥ ದಡ್ಡಿ!

ಜೂನ್ 26

ಅರ್ಧಕ್ಕಿಂತ ಹೆಚ್ಚು ಮಡಿ ಕಿತ್ತು ಹಾಕಿದೆವು. ಪ್ಲಾನ್ ಮುರಿಯುವುದು ನನಗೆ ರೂಢಿಯಿಲ್ಲ. ಬೀಜದಿಂದ ಕಚೂಚಾ ಕಾಯಿ ಬಿಡುವಷ್ಟರಲ್ಲಿ ಸೆಪ್ಟೆಂಬರ್ ಮುಗಿದಿರುತ್ತದೆ. ಅದಕ್ಕೇ ಬೆಳೆದ ಗಿಡ ಹುಡುಕಲು ಒರ್ತೆನ್ಸಿಯಾಳನ್ನು ಬಿಟ್ಟೆ. ಅವಳು ಮನೆಮನೆಗೆ ಹೋಗಿ ಮಹಡಿ, ಬಾಲ್ಕನಿ, ಹಿತ್ತಿಲು ಎಲ್ಲ ಶೋಧಿಸಿದಳು. ಯಾರ ಡಬ್ಬದಲ್ಲಿ ಏನಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ನನಗೆ ಆಶ್ಚರ್ಯವಾಗಲಿಲ್ಲ.

"ಗಿಡ ಕೊಡಿ, ಕಾಯಿ ಬಿಟ್ಟಾಗ ಮೊದಲು ನಿಮಗೇ" ಅಂತ ಎಲ್ಲರಿಗೂ ಮಾತು ಕೊಟ್ಟಿದ್ದಾಳೆ. ಎಲ್ಲರಿಗೂ ಮೊದಲು ಕೊಡುವುದು ಹೇಗೋ ದೇವರೇ ಬಲ್ಲ.

ಸಂಜೆ ಹೊತ್ತಿಗೆ ಡಬ್ಬಗಳ ಮೆರವಣಿಗೆ. ಕಚೂಚಾ, ಉದ್ದೆಲೆಯ ಕೊತ್ತಂಬರಿ, ಎಳೆ ಈರುಳ್ಳಿ. ಸೈಕಲ್ ಮೇಲೆ, ತಲೆ ಮೇಲೆ, ಮಗುವಿನ ತಳ್ಳುಗಾಡಿಯಲ್ಲಿ. ಅಮ್ಮ ತನ್ನ ಗಿಡವನ್ನು ತಾನೇ ಹೊತ್ತು ತಂದಳು. ನೆಟ್ಟಾದ ಮೇಲೆ ಅದರ ಪಕ್ಕ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಎದ್ದೇಳಲಿಲ್ಲ.

ಆಗಸ್ಟ್ 9

ಇಷ್ಟು ದಿನ ಬರೆಯಲು ಪುರುಸೊತ್ತಿಲ್ಲ. ಬಿಸಿಲು, ಎಲೆ ತಿನ್ನುವ ಹುಳು, ಚೆಂಡುಹೂವಿನ ಸಾಲು, ಬೇವಿನ ನೀರು, ಬಕೆಟ್ಟು, ಬಕೆಟ್ಟು.

ಇವತ್ತು ಮೊದಲ ಕೊಯ್ಲು. ಕೌಂಟರಿನ ಮೇಲೆ ಕಚೂಚಾ ಸುರಿದು ತಿರುಗುವಷ್ಟರಲ್ಲಿ ಖಾಲಿ. ಜನ ಮುಷ್ಟಿಯೊಳಗೆ ಇಟ್ಟುಕೊಂಡು ಮೂಸುತ್ತಾ ಹೋದರು. ಒಬ್ಬ ಮುದುಕ ಅಲ್ಲೇ ನಿಂತು ಕಣ್ಣು ಮುಚ್ಚಿಕೊಂಡ. ನಾನು ಬೇರೆ ಕಡೆ ನೋಡಿದೆ, ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ.

ಆಗಸ್ಟ್ 30

ಎವರಿಸ್ತೊನ ಕುತಂತ್ರ. ಮೂರು ಕಚೂಚಾ, ಎರಡು ಕೊತ್ತಂಬರಿ ಎಲೆ, ಸ್ವಲ್ಪ ಈರುಳ್ಳಿ ಸೊಪ್ಪು — ಇವನ್ನೆಲ್ಲ ಒಂದು ದೊಡ್ಡ ಆಸೆಲ್ಗಾ ಎಲೆಯಲ್ಲಿ ಸುತ್ತಿ ಬಾಳೆ ನಾರಿನಿಂದ ಕಟ್ಟುತ್ತಾನೆ. ಕಾಗದವೂ ಇಲ್ಲವಲ್ಲ! ಎಲೆ ಬೇಡ ಅಂದವರಿಗೆ "ಬಸ್ಸು ಬೇಡ, ಬರೀ ಸೀಟು ಕೊಡಿ ಅಂದ್ರೆ ಆಗುತ್ತಾ?" ಎಂದು ಕೇಳುತ್ತಾನೆ. ಜನ ಬೈಯುತ್ತಾ ಒಯ್ದರು.

ಒಂದು ವಾರದಲ್ಲಿ ಎಲೆಯನ್ನೇ ಕೇಳುವವರು ಶುರುವಾದರು. ಮನೆಗೆ ಬಂದ ಎಲೆಯನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಹೆಚ್ಚಿ, ಅದೇ ಕಚೂಚಾ ಜೊತೆ ಅನ್ನಕ್ಕೆ ಸೇರಿಸಿದ್ದಾರೆ. ಅಮ್ಮನ ತಟ್ಟೆಯಲ್ಲೂ ಇತ್ತು. ನಾನು ನೋಡಿದ್ದನ್ನು ನೋಡಿ "ತೋಟದ ಕೆಲಸ ಇಲ್ವೇನೇ ನಿನಗೆ?" ಎಂದು ಗದರಿದಳು.

ಸೆಪ್ಟೆಂಬರ್ 12

ತಿಂಗಳ ಲೆಕ್ಕ ಕಳಿಸಿದ್ದೆ. ತೂಕ ಅರ್ಧಕ್ಕೆ ಇಳಿದಿದೆ. ಅರಿಸ್ತಿದೆಸ್ ಆಫೀಸಿಗೆ ಕರೆಸಿದರು. ಎಲ್ಲ ಹೇಳಿದೆ — ಘಮ, ಗಿಡಗಳ ಮೆರವಣಿಗೆ, ಸುತ್ತಿದ ಎಲೆ. ಕೊನೆಯವರೆಗೂ ಕೇಳಿಸಿಕೊಂಡರು.

"ಪ್ಲಾನ್ ತೂಕದಲ್ಲಿದೆ, ರುಚಿಯಲ್ಲಿಲ್ಲ. ನಿಮ್ಮ ಮೆಣಸಿನಕಾಯಿ ಗಾಳಿಗೆ ಹಾರುತ್ತೆ. ಅದನ್ನ ಯಾವ ಕಾಲಂನಲ್ಲಿ ಬರೀಲಿ ಹೇಳಿ?"

ಪತಾಕೆ ವಾಪಸ್ ಕೇಳಿದರು. ತೋಟಕ್ಕೆ ಬಂದು ಬಿಚ್ಚಿ ಕಳಿಸಿದೆ. ಗೇಟು ಬೋಳಾಯಿತು. ಈ ತೋಟವೂ ಹೋದರೆ ನಾನು ಮತ್ತೆ ಕಿಟಕಿ ಪಕ್ಕ ಕುಳಿತ ಹೆಂಗಸು. ಆ ಎರಡು ವರ್ಷ ನನಗೆ ಇನ್ನೊಮ್ಮೆ ಬೇಡ. ಬೇಡವೇ ಬೇಡ.

ಸೆಪ್ಟೆಂಬರ್ 29, ಮಧ್ಯಾಹ್ನ

ಕೈಯ ಮಣ್ಣು ಇನ್ನೂ ತೊಳೆದಿಲ್ಲ. ಆದರೂ ಈಗಲೇ ಬರೆಯಬೇಕು.

ಬೆಳಿಗ್ಗೆ ಅರಿಸ್ತಿದೆಸ್ ಕಾರಿನಲ್ಲಿ ಬಂದರು. ಜೊತೆಗೆ ಹೋಟೆಲಿನ ಮ್ಯಾನೇಜರ್, ಹೊಳೆಯುವ ಶೂ. ಎಂಥ ಹೊತ್ತಿಗೆ ಬಂದರು! ನಿನ್ನೆಯಷ್ಟೇ ಎಲ್ಲ ಕೊಯ್ದಿದ್ದೆವು, ಉಳಿದದ್ದು ಮೂಲೆಯ ಎರಡು ಮಡಿ. ಮಾರಾಟ ಶುರುವಾಗಲು ಇನ್ನೂ ಹೊತ್ತಿತ್ತು. ಗೇಟಿನ ಮುಂದೆ ಒಂದು ನರಪಿಳ್ಳೆಯಿಲ್ಲ.

ಮ್ಯಾನೇಜರ್ ಶೂ ಅಳತೆಯಲ್ಲಿ ಜಾಗ ಅಳೆಯುತ್ತಾ ಹೋದ. ಅರಿಸ್ತಿದೆಸ್ ಬೋಳು ಗಿಡ ನೋಡಿದರು, ಬೋಳು ಗೇಟು ನೋಡಿದರು.

"ಬೆಳೆಯೂ ಇಲ್ಲ, ಕೊಳ್ಳೋರೂ ಇಲ್ಲ. ನಾನೇನು ಮಾಡ್ಲಿ, ಕಾಮ್ರೇಡ್?"

ದನಿಯಲ್ಲಿ ನಿಜವಾದ ಬೇಸರವಿತ್ತು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಗು ಬಂತು. ಎಷ್ಟು ವರ್ಷವಾಯಿತು ಈ ಮನುಷ್ಯ ಯಾವುದಕ್ಕಾದರೂ ಕಾದು ನಿಂತು? ಆಫೀಸಿನ ಕಾರು, ಆಫೀಸಿನ ಊಟ. ಈ ಬಿಸಿಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲುವ ಹುಚ್ಚರು ನಮ್ಮ ಊರಿನಲ್ಲಿ ಯಾರಿದ್ದಾರೆ? ತನ್ನ ಮುಂದಿನವರು ಯಾರೆಂದು ನೆನಪಿಟ್ಟುಕೊಂಡು ನೆರಳಿಗೆ ಹೋಗುವುದೇ ನಮ್ಮ ಸರದಿ.

ಗೇಟಿಗೆ ಹೋಗಿ, ಕ್ಲಾಸಿನ ಕೊನೆ ಬೆಂಚಿಗೆ ಕೇಳಿಸುವ ಗಂಟಲಿನಲ್ಲಿ ಕೂಗಿದೆ.

"ಕೊನೆಯವರು ಯಾರು?"

ಬಾದಾಮಿ ಮರದ ಕೆಳಗಿಂದ ಒಬ್ಬ ಬಸುರಿ ಕೈ ಎತ್ತಿದಳು. "ನಾನು, ಟೀಚರ್. ನನ್ನ ಮುಂದೆ ನೀಲಿ ಟೋಪಿಯವರು."

ನೀಲಿ ಟೋಪಿಯವನು ಡಾಮಿನೋ ಆಟದಿಂದ ತಲೆಯೆತ್ತದೆ "ನನ್ನ ಮುಂದೆ ಬಾಲ್ಕನಿ ಅಜ್ಜಿ" ಎಂದ.

ಬಾಲ್ಕನಿಯಿಂದ ಅಜ್ಜಿ ಬಗ್ಗಿದಳು. "ನನ್ನ ಮುಂದೆ ಇಬ್ಬರು ನರ್ಸಮ್ಮಂದಿರು. ಡ್ಯೂಟಿಗೆ ಹೋಗವ್ರೆ. ಅವರ ಜಾಗ ನಾನು ಕಾಯ್ತಿದೀನಿ, ಯಾರೂ ನುಗ್ಗಬೇಡಿ."

ಹೀಗೇ ದನಿ ಮುಂದಕ್ಕೆ ಹೋಯಿತು. ಕ್ಷೌರದ ಅಂಗಡಿಯೊಳಗಿಂದ ನೊರೆ ಹಚ್ಚಿಕೊಂಡ ಮುಖ. ಮೆಟ್ಟಿಲ ಮೇಲಿನ ಅಕ್ಕತಂಗಿಯರು. ಪಾರ್ಕಿನ ಬೆಂಚು. ಬೀದಿಯ ಆ ತುದಿ. ಒಬ್ಬೊಬ್ಬರೂ ತನ್ನ ಮುಂದಿನವರನ್ನು ತೋರಿಸಿದರು, ತೋರಿಸಿಕೊಂಡವರು ಎದ್ದು ಬಂದರು. ಇಡೀ ಬೀದಿ ಗೇಟಿನ ಕಡೆ ನಡೆದು ಬರುತ್ತಿತ್ತು. ಅರಿಸ್ತಿದೆಸ್ ಕತ್ತು ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ಸುಸ್ತಾದರು.

"ಇದೆಲ್ಲ ಮೊದಲೇ ಹೇಳಿಕೊಟ್ಟು ಕೂರಿಸಿದ್ದೀರಾ?" ಎಂದು ಕೇಳಿದರು, ತಮಗೇ ಅಷ್ಟೇನೂ ನಂಬಿಕೆಯಿಲ್ಲದೆ.

ಒರ್ತೆನ್ಸಿಯಾ ಸೊಂಟದ ಮೇಲೆ ಕೈಯಿಟ್ಟಳು. "ಈ ಬೀದೀಲಿ ಇಬ್ಬರನ್ನ ಒಂದು ಮೀಟಿಂಗಿಗೆ ಕರೆಯೋಕೆ ನನ್ನ ಪ್ರಾಣ ಹೋಗುತ್ತೆ ಸ್ವಾಮಿ. ಇಷ್ಟು ಜನ ನನ್ನ ಮಾತು ಕೇಳಿದ್ರೆ ನಾನು ಹವಾನಾದಲ್ಲಿ ಮಂತ್ರಿ ಆಗಿರ್ತಿದ್ದೆ."

ಜನ ನಕ್ಕರು. ಅಷ್ಟರಲ್ಲಿ ಸಾಲಿನ ಮೊದಲನೆಯವನು ಗೇಟಿಗೆ ಬಂದು ನಿಂತ. ಬೆಳಕು ಹರಿಯುವ ಮೊದಲೇ ಬಂದು ಜಾಗ ಹಿಡಿದವನು. ಬಿಳಿ ಕೋಟು, ಕೈಯಲ್ಲಿ ಬುಟ್ಟಿ. ಅವನನ್ನು ನೋಡಿ ಮ್ಯಾನೇಜರ್ ಅಳೆಯುವುದನ್ನು ನಿಲ್ಲಿಸಿದ.

"ನೀನಿಲ್ಲಿ ಏನ್ ಮಾಡ್ತಿದ್ದೀಯ?"

ಹೋಟೆಲಿನ ಅಡುಗೆಯವನು. ಪಾಪ, ಬೆವರಿದ. "ಸಾರ್, ಪ್ರವಾಸಿಗಳು ಬರೋ ಮೊದಲು ರುಚಿ ನೋಡಿಸಿ ಅಂದ್ರಲ್ಲ... ಕಚೂಚಾ ಇಲ್ದೆ ನಾನೇನ್ ರುಚಿ ತೋರಿಸ್ಲಿ? ಊರಲ್ಲಿ ಬೇರೆಲ್ಲೂ ಇಲ್ಲ ಸಾರ್."

ಅರಿಸ್ತಿದೆಸ್ ಮ್ಯಾನೇಜರ್ ಮುಖ ನೋಡಿದರು, ಅವನು ತನ್ನ ಶೂ ನೋಡಿಕೊಂಡ. ಇಬ್ಬರೂ ಕಾರಿನ ಪಕ್ಕ ನಿಂತು ಸ್ವಲ್ಪ ಹೊತ್ತು ಮಾತಾಡಿದರು. ತೀರ್ಮಾನ ಹೇಳದೆ ಕಾರು ಹತ್ತಿದರು. ಎವರಿಸ್ತೊ ಕತ್ತರಿ ಹಿಡಿದು ಮೂಲೆಯ ಮಡಿಗೆ ಇಳಿದ.

ಅಕ್ಟೋಬರ್ 3

ಉಳಿಯಿತು!

ಅರಿಸ್ತಿದೆಸ್ ತಾವೇ ಬಂದು ಹೇಳಿದರು. ಪಾರ್ಕಿಂಗ್ ಹೋಟೆಲಿನ ಹಿಂದೆ, ಹಳೆ ಟೆನಿಸ್ ಅಂಗಳದಲ್ಲಿ. ಪ್ಲಾನಿನಲ್ಲೂ ಹೊಸ ಕಾಲಂ ಬರುತ್ತದಂತೆ — "ಘಮದ ಬೆಳೆಗಳು", ಕಿಲೋದಲ್ಲಿ ಅಲ್ಲ, ಕಟ್ಟಿನಲ್ಲಿ. ಹೆಸರು ಅವರೇ ಇಟ್ಟದ್ದು. ಹೇಳುವಾಗ ಸ್ವಲ್ಪ ನಾಚಿಕೊಂಡರು, ಆದರೂ ಹೆಮ್ಮೆ ಮುಖದ ಮೇಲೇ ಇತ್ತು. ಹಡಗು ಬರದಿದ್ದರೆ ಬೇಡ, ಈ ಊರು ಊಟ ಮಾಡುತ್ತದೆ ಎಂದರು. ಭಾಷಣದ ಮಾತು. ಆದರೂ ನಾನೂ ಎವರಿಸ್ತೊನೂ ಮಡಿಯ ನಡುವೆ ಕುಣಿದೆವು. ಅಮ್ಮ ತಾಳ ಹಾಕಿದಳು, ಅದೂ ಬಕೆಟ್ ಮೇಲೆ. ಇಷ್ಟು ಸಂತೋಷ ಮೈಯೊಳಗೆ ಹೇಗೆ ಹಿಡಿಸಿತೋ ಗೊತ್ತಿಲ್ಲ.

ಅಕ್ಟೋಬರ್ 5, ಬೆಳಿಗ್ಗೆ

ಗೇಟಿನಲ್ಲಿ ಲಾರಿ. ಮೂವರು ಕೆಲಸಗಾರರು, ರಾಶಿ ಮರದ ಗೂಟ, ಸುಣ್ಣದ ಚೀಲ. ಪಾರ್ಕಿಂಗಿಗೆ ಗುರುತು ಹಾಕಲು ಬಂದಿದ್ದಾರೆ! ಆರ್ಡರು ಬದಲಾದದ್ದು ಊರಿಗೆಲ್ಲ ಗೊತ್ತು, ಇವರಿಗೆ ಮಾತ್ರ ಯಾರೂ ಹೇಳಿಲ್ಲ. ನಾನು ಗೇಟಿಗೆ ಅಡ್ಡ ನಿಂತೆ. ಅಮ್ಮ ನನಗಿಂತ ಮುಂದೆ ನಿಂತಳು. ಮೇಸ್ತ್ರಿ ಎಲ್ಲ ಕೇಳಿ ತಲೆ ಕೆರೆದುಕೊಂಡ.

"ಗೂಟ ವಾಪಸ್ ಒಯ್ದರೆ ಯಾಕೆ ವಾಪಸ್ ತಂದೆ ಅಂತ ಹತ್ತು ಜನಕ್ಕೆ ಹೇಳ್ಬೇಕು ಅಮ್ಮ. ನೆಡು ಅಂದವ್ರೆ, ನೆಟ್ಟು ಹೋಗ್ತೀವಿ. ಎಲ್ಲಿ ನೆಡೋದು ಅಂತ ನೀವೇ ತೋರಿಸಿ."

ಟೊಮೆಟೊ ಸಸಿ ಮೊನ್ನೆಯಷ್ಟೇ ಇಟ್ಟಿದ್ದೇವೆ, ಆಸರೆಗೆ ಒಂದು ಕಡ್ಡಿಯೂ ಸಿಕ್ಕಿರಲಿಲ್ಲ. ತೋರಿಸಿದೆ. ಈಗ ಮೂವರೂ ಸುತ್ತಿಗೆ ಹಿಡಿದು ಸಾಲಾಗಿ ಬಡಿಯುತ್ತಿದ್ದಾರೆ, ಅಮ್ಮ ಪಕ್ಕದಲ್ಲಿ ನಿಂತು ಸೊಟ್ಟ ಅಂತ ಬೈಯುತ್ತಿದ್ದಾಳೆ. ಒಂದು ಸಾಲು ಆಯಿತು, ಎಷ್ಟು ನೇರ! ಎರಡನೆಯದಕ್ಕೆ ಹಗ್ಗ ಹಿಡಿಯಲು ಕರೆಯುತ್ತಿದ್ದಾರೆ, ಹೋಗಿ ಬರುತ್ತೇನೆ.